ವಿಷಕ್ಕೆ ಔಷಧಿ ಅಂತ ಹೆಸರಿಟ್ಟವರು ಯಾರು?

ಬಯಲುಸೀಮೆಯ ಯಾವ ಊರಿಗೆ ಬೇಕಾದರೂ ಹೋಗಿ. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಲದ ಕಡೆ ಹೊರಟವನನ್ನು ಎಲ್ಲಿಗಪ್ಪಾ ಅಂತ ಕೇಳಿದರೆ ‘ಔಷಧಿ ಹೊಡೆಯೋಕೆ’ ಅಂತಾನೆ. ಉತ್ತರ ಕರ್ನಾಟಕದ ಕಡೆ ‘ಎಣ್ಣಿ ಹೊಡಿಯಾಕ’ ಅಂತಾರೆ. ಕರಾವಳಿಯವರು ‘ಮದ್ದು ಬಿಡ್ಲಿಕ್ಕೆ’ ಅಂತಾರೆ. ತೆಲುಗಿನವರಿಗೆ ಅದು ‘ಮಂದು’, ತಮಿಳರಿಗೆ ‘ಮರುಂದು’, ಮಲಯಾಳಿಗಳಿಗೆ ‘ಮರುನ್ನು’, ಹಿಂದಿಯವರಿಗೆ ‘ದವಾಯಿ’. ಎಣ್ಣೆ ಅನ್ನೋದೊಂದು ಬಿಟ್ಟರೆ ಎಲ್ಲದರ ಅರ್ಥವೂ ಒಂದೇ. ಕಾಯಿಲೆ ವಾಸಿ ಮಾಡುವ ಪದಾರ್ಥ. ಡಬ್ಬದ ಒಳಗೆ ಇರೋದು ಮಾತ್ರ ವಿಷ.

ನಾನು ಏಳನೇ ಕ್ಲಾಸು ಮುಗಿಸಿ ನೇಗಿಲು ಹಿಡಿದವನು. ಶೇಂಗಾ, ರಾಗಿ, ತೊಗರಿ, ಮಳೆ ಕೈಹಿಡಿದ ವರ್ಷ ಒಂದಿಷ್ಟು ಹತ್ತಿ ಬೆಳೆಯುತ್ತೇನೆ. ಭಾಷಾ ಪಂಡಿತನಲ್ಲ. ಆದರೂ ಬೀಜ, ಗೊಬ್ಬರ, ವಿಷ, ಯಂತ್ರ ಎಲ್ಲವನ್ನೂ ನಾವು ಕೊಳ್ಳುವುದು ಹೆಸರು ಹೇಳಿಯೇ ತಾನೆ? ಆ ಹೆಸರನ್ನು ಇಟ್ಟವರು ಯಾರು, ಏನು ಅರ್ಥ ಇಟ್ಟುಕೊಂಡು ಇಟ್ಟರು ಅಂತ ತಿಳಿಯದೆ ಹೋದರೆ ದುಡ್ಡು ಹೋಗುತ್ತೆ, ಕೆಲವು ಸಲ ಜೀವವೂ ಹೋಗುತ್ತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರಲ್ಲೇ ಗುಣ ಇತ್ತು

ನಮ್ಮ ಹಿರಿಯರು ಸಾಮಾನಿಗೆ ಹೆಸರಿಡುತ್ತಿದ್ದ ರೀತಿ ನೋಡಿ. ಎಡೆ ಹೊಡೆಯುವುದಕ್ಕೆ ಎಡೆಕುಂಟೆ. ಮೂರು ತಾಳು ಇದ್ದರೆ ಮೂರು ತಾಳಿನ ಕೂರಿಗೆ, ಆರು ಇದ್ದರೆ ಆರು ತಾಳಿನ ಕೂರಿಗೆ. ಹೆಸರು ಕೇಳಿದ ಕೂಡಲೇ ಅದು ಏನು ಕೆಲಸ ಮಾಡುತ್ತೆ, ಎಷ್ಟು ಸಾಲು ಬೀಳುತ್ತೆ ಅಂತ ಗೊತ್ತಾಗುತ್ತಿತ್ತು.

ರಾಗಿಯ ಹೆಸರುಗಳೂ ಹಾಗೇ. ಕರಿಗಿಡ್ಡ ಅಂದರೆ ಬಣ್ಣ ಕಪ್ಪು, ಎತ್ತರ ಕಡಿಮೆ. ಹುಲ್ಲುಬಿಳಿ ಅಂದರೆ ಹುಲ್ಲಿನ ಬಣ್ಣವೇ ಹೆಸರಲ್ಲಿದೆ. ರುದ್ರಜಡೆ ಅಂದರೆ ತೆನೆ ಹೇಗಿರುತ್ತೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈ ಹೆಸರುಗಳಿಗೆ ಯಜಮಾನರು ಇರಲಿಲ್ಲ. ಬೆಳೆದವರೇ ಕಣ್ಣಲ್ಲಿ ನೋಡಿ ಇಟ್ಟ ಹೆಸರುಗಳು ಅವು.

ಆಮೇಲೆ ಸರ್ಕಾರಿ ಸಂಶೋಧನಾ ಕೇಂದ್ರಗಳ ತಳಿಗಳು ಬಂದವು. ಇವರದು ಬೇರೆ ರೀತಿ. ಇಂಗ್ಲಿಷ್ ಅಕ್ಷರ, ಅದರ ಮುಂದೆ ನಂಬರು. ಒಣ ಹೆಸರು ಅಂತ ಅನ್ನಿಸಿದರೂ ಬಿಡಿಸಿದರೆ ಒಳಗೆ ಊರು ಸಿಗುತ್ತೆ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಟಿಎಂವಿ-2 ಶೇಂಗಾದ ಟಿಎಂವಿ ಅಂದರೆ ತಮಿಳುನಾಡಿನ ತಿಂಡಿವನಂ. ಜೆಎಲ್-24ರ ಜೆಎಲ್ ಮಹಾರಾಷ್ಟ್ರದ ಜಳಗಾಂವ್. ಎಂಆರ್ ಅಂದರೆ ಮಂಡ್ಯ ರಾಗಿ. ಬಿಎಸ್‌ಎಚ್-1 ಅಂದರೆ ಬೆಂಗಳೂರು ಸೂರ್ಯಕಾಂತಿ ಹೈಬ್ರಿಡ್. ಡಿಸಿಎಚ್-32 ಅಂದರೆ ಧಾರವಾಡ ಹತ್ತಿ ಹೈಬ್ರಿಡ್.

ಕೆಲವು ಹೆಸರಲ್ಲಿ ತಂದೆತಾಯಿಯೇ ಇದ್ದಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ತೆಗೆದ ತಳಿಗೆ ಇಂಡಾಫ್ ಅಂತ ಇಟ್ಟರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಒಂದು ದೇಶ, ಒಂದು ಖಂಡ ಮೂರು ಅಕ್ಷರದಲ್ಲಿ ಮುಗಿದವು. ಕೊಯಮತ್ತೂರಿನ ಸುವಿನ್ ಹತ್ತಿಯೂ ಹೀಗೆ ಸುಜಾತ ಮತ್ತು ಸೇಂಟ್ ವಿನ್ಸೆಂಟ್ ಅನ್ನೋ ಎರಡು ಹತ್ತಿಯ ಹೆಸರು ಕೂಡಿಸಿದ್ದು.

ಇನ್ನು ಕೆಲವಕ್ಕೆ ಹಾರೈಕೆಯ ಹೆಸರು. ಲಕ್ಷ್ಮಣಯ್ಯನವರ ಮೊದಲಿನ ರಾಗಿ ತಳಿಗಳು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ಧಾರವಾಡದಲ್ಲಿ ಡಾ. ಕಟರಕಿಯವರು 1972ರಲ್ಲಿ ಕೊಟ್ಟ ಹತ್ತಿ ವರಲಕ್ಷ್ಮಿ. ಡಿಸಿಎಚ್-32ಕ್ಕೂ ಜಯಲಕ್ಷ್ಮಿ ಅನ್ನೋ ಇನ್ನೊಂದು ಹೆಸರುಂಟು. ರೈತನ ಮನೆಗೆ ಲಕ್ಷ್ಮಿ ಬರಲಿ ಅನ್ನೋ ಆಸೆ ಅದರಲ್ಲಿದೆ. ಮೋಸ ಇಲ್ಲ.

ಹೆಸರು ನಮ್ಮ ಬಾಯಿಗೆ ಬಂದ ಮೇಲೆ ಅದರ ದಾರಿಯೇ ಬೇರೆ ಆಗುತ್ತೆ. ಸೂರ್ಯಕಾಂತಿಯಲ್ಲಿ ‘ಮಾರ್ಡನ್’ ಅಂತ ಒಂದು ತಳಿ ಇತ್ತು. ನಮ್ಮೂರವರೆಲ್ಲ ಅದನ್ನು ‘ಮಾಡರ್ನ್’ ಅಂದುಕೊಂಡು, ಹೊಸ ಕಾಲದ ಬೀಜ ಅಂತಲೇ ಬಿತ್ತಿದರು. ಮಾರ್ಡನ್ ಅಂದರೆ ಕೆನಡಾ ದೇಶದ ಒಂದು ಊರು, ಸೂರ್ಯಕಾಂತಿ ಸಂಶೋಧನೆ ನಡೆದ ಊರು. ‘ಹೈಬ್ರಿಡ್’ ಅನ್ನೋ ಮಾತಿಗೂ ಇದೇ ಗತಿ. 1964ರಲ್ಲಿ ಸಿಎಸ್‌ಎಚ್-1 ಜೋಳ ಬಂದಾಗ ಹೈಬ್ರಿಡ್ ಅಂದರೆ ಹೆಚ್ಚು ಇಳುವರಿ ಅಂತ ಅಧಿಕಾರಿಗಳ ಲೆಕ್ಕ. ಜನ ರೊಟ್ಟಿ ತಿಂದು ನೋಡಿದರು. ಈಗ ನಮ್ಮ ಹಳ್ಳಿಗಳಲ್ಲಿ ‘ಹೈಬ್ರಿಡ್ ಮನುಷ್ಯ’ ಅಂದರೆ ನೋಡೋಕೆ ದಪ್ಪ, ಒಳಗೆ ಕಸುವಿಲ್ಲ ಅಂತ ಅರ್ಥ. ಒಳ್ಳೆಯದಕ್ಕೆ ‘ನಾಟಿ’, ‘ಜವಾರಿ’ ಅನ್ನುತ್ತೇವೆ. ಪದದ ಅರ್ಥ ಕೊನೆಗೆ ತೀರ್ಮಾನ ಆಗೋದು ಬಳಸುವವನ ನಾಲಗೆಯ ಮೇಲೆ.

ಗಡಿಯಾರದಿಂದ ಭತ್ತಕ್ಕೆ

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ದಾದಾಜಿ ಖೋಬ್ರಾಗಡೆ ಅಂತ ಒಬ್ಬ ಸಣ್ಣ ರೈತರಿದ್ದರು. 1983ರಲ್ಲಿ ಗದ್ದೆಯಲ್ಲಿ ಬೇರೆ ರೀತಿಯ ಭತ್ತದ ತೆನೆ ನೋಡಿ, ಬೇರೆ ಇಟ್ಟು ಬೆಳೆಸಿ, ಸಣ್ಣ ಕಾಳಿನ ಒಳ್ಳೆ ತಳಿ ಮಾಡಿದರು. ಅದು ಮಾರುಕಟ್ಟೆಗೆ ಹೋದಾಗ ಹೆಸರೇ ಇರಲಿಲ್ಲ. ಆ ಕಾಲಕ್ಕೆ ಎಲ್ಲರ ಕೈಯಲ್ಲೂ ಎಚ್‌ಎಂಟಿ ಗಡಿಯಾರ. ನಮ್ಮ ಬೆಂಗಳೂರಿನ ಕಾರ್ಖಾನೆಯದು. ಎಚ್‌ಎಂಟಿ ಅಂದರೆ ನಂಬಿಕೆಯ ಮಾಲು. ಭತ್ತಕ್ಕೂ ಅದೇ ಹೆಸರು ಬಿತ್ತು. ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಖೋಬ್ರಾಗಡೆಯವರು 2018ರಲ್ಲಿ ತೀರಿಕೊಂಡರು. ಎಚ್‌ಎಂಟಿ ಅಕ್ಕಿ ಮಾತ್ರ ಈಗಲೂ ಮಾರಾಟ ಆಗುತ್ತಿದೆ. ಆ ಹೆಸರಿನಲ್ಲಿ ತಳಿ ತೆಗೆದ ರೈತನ ಗುರುತು ಒಂದು ಅಕ್ಷರವೂ ಇಲ್ಲ. ಹೆಸರಿಡುವ ಅಧಿಕಾರ ಕೈತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಕಾನೂನಿಗೂ ಇದು ಗೊತ್ತಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಪ್ರಕಾರ ರೈತ ತನ್ನ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಿಕೊಳ್ಳಬಹುದು, ಮಾರಲೂಬಹುದು. ಮಾಡಬಾರದ್ದು ಒಂದೇ. ನೋಂದಣಿ ಆದ ತಳಿಯನ್ನು ಚೀಲಕ್ಕೆ ತುಂಬಿ ಅದರ ಹೆಸರಿನ ಚೀಟಿ ಅಂಟಿಸಿ ಮಾರುವಂತಿಲ್ಲ. ಅಂದರೆ ಕಾಳು ನಿನ್ನದು, ಹೆಸರು ನಿನ್ನದಲ್ಲ. ಅದೇ ಕಾಯ್ದೆಯಲ್ಲಿ ತಳಿಯ ಹೆಸರು ಅದರ ಗುಣದ ವಿಷಯದಲ್ಲಿ ದಾರಿ ತಪ್ಪಿಸುವಂತೆ ಇರಬಾರದು ಅಂತಲೂ ಇದೆ. ಇದನ್ನು ನಾವು ನೆನಪಿಟ್ಟುಕೊಳ್ಳಬೇಕು.

ಕಾವಲುಗಾರ ನಿದ್ದೆ ಹೋದ

ಕಂಪನಿಗಳು ಇಡುವ ಹೆಸರಲ್ಲಿ ಒಳಗೆ ಏನಿದೆ ಅನ್ನೋದು ಇರಲ್ಲ, ಏನಾಗುತ್ತೆ ಅನ್ನೋ ಭರವಸೆ ಇರುತ್ತೆ. ಬೋಲ್‌ಗಾರ್ಡ್ ನೋಡಿ. ಬೋಲ್ ಅಂದರೆ ಹತ್ತಿಕಾಯಿ, ಗಾರ್ಡ್ ಅಂದರೆ ಕಾವಲು. ಕಾಯಿಗೆ ಕಾವಲುಗಾರ. 2002ರ ಮಾರ್ಚಿನಲ್ಲಿ ನಮ್ಮ ದೇಶದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. 2010ರಲ್ಲಿ ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಈ ಕಾವಲಿಗೆ ಬಗ್ಗುತ್ತಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡಿತು. ಆಮೇಲೆ ಎರಡನೇ ಬೋಲ್‌ಗಾರ್ಡಿನ ಹತ್ತಿಯಲ್ಲೂ ಆ ಹುಳ ಕಾಣಿಸಿತು. ಕಾವಲುಗಾರ ನಿದ್ದೆ ಹೋದ ಮೇಲೂ ಹೆಸರು ಕಾವಲು ಅಂತಲೇ ಇತ್ತು. ಕಾವಲು ಅನ್ನೋ ಮಾತನ್ನು ನಂಬಿ ಹೊಲ ತಿರುಗಿ ನೋಡದೆ ಇದ್ದವರಿಗೆ ಹುಳ ಬಿದ್ದದ್ದು ತಿಳಿದದ್ದು ಕಾಯಿ ಒಡೆದಾಗ.

ರೌಂಡಪ್ ಇನ್ನೊಂದು. 1974ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಕಳೆನಾಶಕ. ಅಲ್ಲಿಯವರ ಭಾಷೆಯಲ್ಲಿ ರೌಂಡಪ್ ಅಂದರೆ ಮೇಯಲು ಬಿಟ್ಟ ದನಗಳನ್ನು ಸುತ್ತುವರಿದು ಒಂದು ಕಡೆ ಕೂಡಿಹಾಕುವುದು. ಅವರ ರೈತರಿಗೆ ಒಂದು ಚಿತ್ರ ಕಣ್ಣಿಗೆ ಕಟ್ಟುತ್ತೆ. ನಮಗೆ ಅದರಲ್ಲಿ ಯಾವ ಚಿತ್ರವೂ ಇಲ್ಲ. ನಾವು ಅದಕ್ಕೆ ‘ಕಳೆ ಔಷಧಿ’ ಅಂತ ಕರೆದುಬಿಟ್ಟೆವು. ಕಳೆ ಔಷಧಿ ಅಂದರೆ ಕಳೆಯ ಕಾಯಿಲೆ ವಾಸಿ ಮಾಡುವುದಾ? ಯೋಚನೆ ಮಾಡಿ ನೋಡಿ, ಮಾತಿನ ಅರ್ಥ ತಲೆಕೆಳಗಾಗಿದೆ.

ಹೆಸರಿಗೆ ಎಷ್ಟು ಬಲ ಅನ್ನೋದಕ್ಕೆ ಎದುರಿನ ಉದಾಹರಣೆಯೂ ಇದೆ. 1998ರಲ್ಲಿ ಅಮೆರಿಕದ ಒಂದು ಹತ್ತಿ ಬೀಜದ ಕಂಪನಿಗೂ ಅಲ್ಲಿನ ಕೃಷಿ ಇಲಾಖೆಗೂ ಸೇರಿ ಒಂದು ಪೇಟೆಂಟು ಸಿಕ್ಕಿತು. ಬೆಳೆದ ಕಾಳು ಮತ್ತೆ ಮೊಳೆಯದಂತೆ ಮಾಡುವ ವಿದ್ಯೆ. ಅವರು ಅದಕ್ಕೆ ‘ತಂತ್ರಜ್ಞಾನ ರಕ್ಷಣಾ ವ್ಯವಸ್ಥೆ’ ಅನ್ನೋ ಅರ್ಥದ ಹೆಸರಿಟ್ಟರು. ಕೇಳಿದರೆ ಏನೋ ಒಳ್ಳೆಯದೇ ಇರಬೇಕು ಅನ್ನಿಸುತ್ತೆ. ಕೆನಡಾದ ರಾಫಿ ಅನ್ನೋ ಸಂಸ್ಥೆಯವರು ಅದನ್ನೇ ‘ಟರ್ಮಿನೇಟರ್’ ಅಂತ ಕರೆದರು. ಕತೆ ಮುಗಿಸುವವನು ಅಂತ ಅರ್ಥ. ಆ ಒಂದು ಮಾತು ಪ್ರಪಂಚ ಸುತ್ತಿತು. ಅದೇ ನವೆಂಬರಿನಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ರೈತ ಸಂಘದವರು ಪರೀಕ್ಷೆಗೆ ಬೆಳೆದಿದ್ದ ಹತ್ತಿ ಕಿತ್ತು ಸುಟ್ಟರು. ಸುಟ್ಟದ್ದು ಬಿಟಿ ಹತ್ತಿ, ಟರ್ಮಿನೇಟರ್ ಅಲ್ಲ. ಆದರೆ ಊರೂರಲ್ಲಿ ಜನರ ಬಾಯಲ್ಲಿ ಓಡಾಡಿದ್ದು ಆ ಹೆಸರೇ. 1999ರಲ್ಲಿ ಮಾನ್ಸಾಂಟೊ ಕಂಪನಿ ಆ ವಿದ್ಯೆಯನ್ನು ಮಾರುಕಟ್ಟೆಗೆ ತರುವುದಿಲ್ಲ ಅಂತ ಮಾತು ಕೊಟ್ಟಿತು. ಹೆಸರು ಕತ್ತಿ ಇದ್ದ ಹಾಗೆ, ಹಿಡಿ ಯಾರ ಕೈಯಲ್ಲಿದೆ ಅನ್ನೋದು ಮುಖ್ಯ.

ಬಾಲ ನೋಡಿ ಮನೆತನ ತಿಳಿಯಿರಿ

ಈಗ ಅಂಗಡಿಗೆ ಬರೋಣ. ಪ್ರತಿ ವಿಷದ ಡಬ್ಬದ ಮೇಲೂ ಎರಡು ಹೆಸರು ಇರುತ್ತವೆ. ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರು. ವೀರ, ರಾಜ, ಗೋಲ್ಡ್, ಸೂಪರ್, ಪವರ್ ಈ ಧಾಟಿಯದು. ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿರುವ ವಿಷದ ಹೆಸರು, ಅದರ ಪ್ರಮಾಣ. ಮೊದಲಿನದು ಅವರಿಗೆ ಬೇಕಾದ್ದು, ಎರಡನೆಯದು ನಮಗೆ ಬೇಕಾದ್ದು. ಒಂದೇ ಇಮಿಡಾಕ್ಲೋಪ್ರಿಡ್ಡನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಲ್ಲಿ ಮಾರುತ್ತಿವೆ. ನಮ್ಮ ಪಕ್ಕದ ಹೊಲದವರು ಒಂದು ವರ್ಷ ಹತ್ತಿಗೆ ಮೊದಲು ಹೊಡೆದದ್ದಕ್ಕೆ ಹುಳ ಬಗ್ಗಲಿಲ್ಲ ಅಂತ ಎರಡನೇ ಸಲ ಬೇರೆ ಹೆಸರಿನದು ತಂದರು. ಎರಡೂ ಡಬ್ಬ ಪಕ್ಕಪಕ್ಕ ಇಟ್ಟು ಸಣ್ಣ ಅಕ್ಷರ ಓದಿದರೆ ಒಳಗಿದ್ದದ್ದು ಒಂದೇ ವಿಷ, ಒಂದೇ ಪ್ರಮಾಣ. ರೇಟು ಮಾತ್ರ ಬೇರೆ.

ಈ ಸಣ್ಣ ಅಕ್ಷರದ ಹೆಸರುಗಳು ಉದ್ದ, ನಾಲಗೆ ಹೊರಳಲ್ಲ ಅಂತ ನಾವು ಬಿಟ್ಟುಬಿಡುತ್ತೇವೆ. ಆದರೆ ಇವಕ್ಕೂ ನಮ್ಮ ಹಾಗೇ ಮನೆತನದ ಹೆಸರಿದೆ. ಅದು ಬಾಲದಲ್ಲಿ ಇರುತ್ತೆ.

ಕೊನೆಗೆ ‘ಫಾಸ್’ ಅಂತ ಬಂದರೆ ಒಂದು ಮನೆತನ. ಮಾನೋಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್. ರಂಜಕದಿಂದ ಬಂದ ಹೆಸರು. ಇವು ಹುಳದ ನರಕ್ಕೂ ಹೊಡೆಯುತ್ತವೆ, ನಮ್ಮ ನರಕ್ಕೂ ಹೊಡೆಯುತ್ತವೆ.

ಕೊನೆಗೆ ‘ಥ್ರಿನ್’ ಬಂದರೆ ಇನ್ನೊಂದು ಮನೆತನ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಸೈಹಾಲೊಥ್ರಿನ್. ಸೇವಂತಿಗೆಯ ಜಾತಿಗೆ ಸೇರಿದ ಪೈರೆಥ್ರಮ್ ಹೂವಿನಲ್ಲಿರುವ ವಿಷವನ್ನು ನೋಡಿ ಕಾರ್ಖಾನೆಯಲ್ಲಿ ಮಾಡಿದ್ದು.

ಕೊನೆಗೆ ‘ಪ್ರಿಡ್’ ಬಂದರೆ ಮೂರನೆಯದು. ಇಮಿಡಾಕ್ಲೋಪ್ರಿಡ್, ಅಸೆಟಾಮಿಪ್ರಿಡ್, ಥಯಾಕ್ಲೋಪ್ರಿಡ್. ರೋಗದ ಕಡೆ ಬಂದರೆ ‘ಕೊನಜೋಲ್’ ಬಾಲದವು ಒಂದು ಮನೆತನ. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್.

ಬಾಲ ಇಲ್ಲದೆಯೂ ಕೆಲವು ನೆಂಟರಿದ್ದಾರೆ. ಥಯಾಮೆಥಾಕ್ಸಾಮ್ ಕೂಡ ‘ಪ್ರಿಡ್’ ಗುಂಪಿನದೇ, ಅಸಿಫೇಟ್ ‘ಫಾಸ್’ ಗುಂಪಿನದೇ. ಆದರೂ ಬಾಲ ನೋಡುವ ಅಭ್ಯಾಸ ಆದರೆ ಅರ್ಧ ಮೋಸ ತಪ್ಪುತ್ತೆ. ಒಂದೇ ಮನೆತನದ ವಿಷವನ್ನು ಮತ್ತೆ ಮತ್ತೆ ಹೊಡೆದರೆ ಹುಳ ಅದಕ್ಕೆ ಒಗ್ಗಿಕೊಳ್ಳುತ್ತೆ. ಡಬ್ಬದ ಹೆಸರು ಬದಲಾದ ಮಾತ್ರಕ್ಕೆ ಹುಳ ಮೋಸ ಹೋಗಲ್ಲ. ಮೋಸ ಹೋಗೋದು ನಾವು.

ಬಣ್ಣದ ಅರ್ಥವೂ ಹೀಗೇ ಕೈಕೊಡುತ್ತೆ. ಡಬ್ಬದ ಮೇಲೆ ಚೌಕವನ್ನು ಓರೆಯಾಗಿ ನಿಲ್ಲಿಸಿದ ಗುರುತು ಇರುತ್ತೆ. ಅದರ ಕೆಳಗಿನ ಅರ್ಧದಲ್ಲಿ ಕೆಂಪು ಇದ್ದರೆ ಅತಿ ಉಗ್ರ ವಿಷ, ಹಳದಿ ಇದ್ದರೆ ಅದಕ್ಕಿಂತ ಸ್ವಲ್ಪ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. 1971ರ ಕೀಟನಾಶಕ ನಿಯಮದಲ್ಲೇ ಬಂದ ಗುರುತು. ನಮ್ಮ ಕಣ್ಣಿಗೆ ಹಸಿರು ಅಂದರೆ ಬೆಳೆ, ಸಮೃದ್ಧಿ, ಈಗೀಗ ಸಾವಯವ. ‘ಇದು ಹಸಿರು ಗುರುತಿನದು, ಏನೂ ಆಗಲ್ಲ’ ಅಂತ ಬರಿಗೈಯಲ್ಲಿ ಕಲಸುವವರನ್ನು ನೋಡಿದ್ದೇನೆ. ಹಸಿರು ಅಂದರೆ ವಿಷ ಇಲ್ಲ ಅಂತಲ್ಲ, ಆ ನಾಲ್ಕರಲ್ಲಿ ಕಡಿಮೆ ಅಂತ ಅಷ್ಟೇ.

ಪಾಷಾಣಕ್ಕೆ ಪಾಷಾಣ ಅನ್ನೋಣ

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರು. ಇಲಿಗೆ ಇಡುವುದಕ್ಕೆ ಅವರು ‘ಇಲಿ ಔಷಧಿ’ ಅನ್ನಲಿಲ್ಲ, ಇಲಿ ಪಾಷಾಣ ಅಂದರು. ಪಾಷಾಣ ಅಂದ ಕೂಡಲೇ ಅಜ್ಜಿಯರು ಅದನ್ನು ಅಟ್ಟದ ಮೇಲೆ ಇಡುತ್ತಿದ್ದರು, ಮಕ್ಕಳನ್ನು ದೂರ ಅಟ್ಟುತ್ತಿದ್ದರು, ಮುಟ್ಟಿದ ಕೈಯನ್ನು ಎರಡು ಸಲ ತೊಳೆಯುತ್ತಿದ್ದರು. ಹೆಸರೇ ಕಾವಲು ಕಾಯುತ್ತಿತ್ತು. ಅದೇ ಮನೆಯಲ್ಲಿ ಇವತ್ತು ‘ಔಷಧಿ’ ಡಬ್ಬ ಅಡುಗೆಮನೆಯ ಗೂಡಿನಲ್ಲಿ ಇರುತ್ತೆ. ಖಾಲಿ ಆದ ಮೇಲೆ ಅದರಲ್ಲಿ ಸೀಮೆಎಣ್ಣೆ, ಹೊಲಕ್ಕೆ ನೀರು.

ಇದು ಬರೀ ಮಾತಿನ ವಿಷಯ ಅಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಸೇರಿತ್ತು ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ನಮ್ಮಲ್ಲಿ ವಿಷಕ್ಕೂ ಎಣ್ಣೆ, ಒಗ್ಗರಣೆಗೂ ಎಣ್ಣೆ ಅನ್ನುವ ಕಡೆಯವರು ಇದನ್ನು ಒಂದು ನಿಮಿಷ ಯೋಚಿಸಬೇಕು.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಊರಲ್ಲಿ ಕೂಲಿಗೆ ಸಿಂಪಡಿಸಲು ಹೋದ ಹುಡುಗ ಹೊಲದಲ್ಲೇ ಬಿದ್ದ. ಬಾಯಲ್ಲಿ ಜೊಲ್ಲು, ಕಣ್ಣಪಾಪೆ ಚಿಕ್ಕದಾಗಿತ್ತು. ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ‘ಏನು ಹೊಡೆದ?’ ಜೊತೆಗೆ ಹೋದ ಐದು ಜನರ ಉತ್ತರವೂ ‘ಔಷಧಿ ಸಾರ್’. ಡಾಕ್ಟರಿಗೆ ಬೇಕಾಗಿದ್ದು ಆ ಸಣ್ಣ ಅಕ್ಷರದ ಹೆಸರು. ‘ಫಾಸ್’ ಮನೆತನಕ್ಕೆ ಅಟ್ರೋಪಿನ್ ಕೊಡುತ್ತಾರೆ, ಬೇರೆ ಮನೆತನಕ್ಕೆ ಬೇರೆ ಚಿಕಿತ್ಸೆ. ಒಬ್ಬ ಬೈಕಿನಲ್ಲಿ ವಾಪಸು ಹೋಗಿ ಡಬ್ಬ ಹುಡುಕಿ ತಂದ. ಅಷ್ಟು ಹೊತ್ತು ಡಾಕ್ಟರು ಲಕ್ಷಣ ನೋಡಿಯೇ ಚಿಕಿತ್ಸೆ ಕೊಟ್ಟು ಹುಡುಗನನ್ನು ಹಿಡಿದಿಟ್ಟಿದ್ದರು. ಹುಡುಗ ಉಳಿದ. ಎಲ್ಲರ ಹಣೆಬರಹವೂ ಹಾಗೆ ಇರಲ್ಲ.

ಬೆಳೆಗೆ ಅದು ಔಷಧಿ ತಾನೆ, ತಪ್ಪೇನು ಅಂತ ಕೆಲವರು ಕೇಳಬಹುದು. ಗಿಡಕ್ಕೆ ಔಷಧಿ ಇರಬಹುದು, ಹೊಡೆಯುವವನಿಗೆ ಅಲ್ಲ. ಹೆಸರು ಬದಲಾಯಿಸಿದರೆ ವಿಷ ಕಡಿಮೆ ಆಗುತ್ತಾ ಅಂತಲೂ ಕೇಳಬಹುದು. ವಿಷ ಕಡಿಮೆ ಆಗಲ್ಲ, ಭಯ ಜಾಸ್ತಿ ಆಗುತ್ತೆ. ಬೇಕಾಗಿರೋದು ಅದೇ. ನಾನು ಹೊಡೆಯಲೇಬೇಡಿ ಅಂತ ಹೇಳುತ್ತಿಲ್ಲ. ತೊಗರಿಗೆ ಕಾಯಿಕೊರಕ ಬಿದ್ದರೆ ನಾನೂ ಹೊಡೆಯುತ್ತೇನೆ. ಆದರೆ ವಿಷ ಅಂತ ಗೊತ್ತಿದ್ದು ಹೊಡೆಯುವವನು ಗಾಳಿಗೆ ಎದುರು ನಿಲ್ಲಲ್ಲ, ಮುಚ್ಚಳಕ್ಕೆ ಬದಲು ಅಂದಾಜಿನಲ್ಲಿ ಸುರಿಯಲ್ಲ, ಬೀಡಿ ಹಚ್ಚಲ್ಲ.

ಮಲೆನಾಡಿನವರ ಬೋರ್ಡೋ ದ್ರಾವಣ ನೋಡಿ. ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಿಂದ 1885ರ ಹೊತ್ತಿಗೆ ಹೊರಟ ಹೆಸರು. ಒಳಗಿರೋದು ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಪ್ರತಿಯೊಬ್ಬನಿಗೂ ಇದು ಬಾಯಿಪಾಠ. ಹೆಸರು ಪರದೇಶದ್ದಾದರೂ ಒಳಗಿನ ಗುಟ್ಟು ಬಯಲಾಗಿದೆ. ಅದಕ್ಕೇ ಅದರಲ್ಲಿ ಯಾರೂ ಯಾರಿಗೂ ಮೋಸ ಮಾಡಲು ಕಷ್ಟ. ಹೆಸರು ಯಾವ ಭಾಷೆಯದು ಅನ್ನೋದಕ್ಕಿಂತ ಒಳಗೇನಿದೆ ಅಂತ ನಮಗೆ ಗೊತ್ತಿದೆಯಾ ಅನ್ನೋದು ದೊಡ್ಡದು.

ಹಾಗಾಗಿ ರೈತಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೆ. ಅಂಗಡಿಯಲ್ಲಿ ‘ಹುಳಕ್ಕೆ ಒಂದು ಔಷಧಿ ಕೊಡಿ’ ಅಂತ ಕೇಳಬೇಡಿ. ಸಣ್ಣ ಅಕ್ಷರದ ಹೆಸರು ಹೇಳಿ ಕೇಳಿ, ಬಿಲ್ಲಿನಲ್ಲೂ ಅದನ್ನು ಬರೆಸಿ. ಓದಲು ಬಾರದಿದ್ದರೆ ಸ್ಕೂಲಿಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿ. ಸಿಂಪಡಿಸುವ ದಿನ ಡಬ್ಬವನ್ನೋ ಅದರ ಚೀಟಿಯನ್ನೋ ಬದುವಿನಲ್ಲಿ ಎಲ್ಲರಿಗೂ ಸಿಗುವ ಹಾಗೆ ಇಡಿ. ಮನೆಯಲ್ಲಿ ಡಬ್ಬದ ಮೇಲೆ ಇದ್ದಿಲಿನಲ್ಲಾದರೂ ಸರಿ, ದೊಡ್ಡದಾಗಿ ‘ವಿಷ’ ಅಂತ ಬರೆಯಿರಿ. ಮಾತಾಡುವಾಗಲೂ ‘ವಿಷ ಹೊಡೆಯೋಕೆ ಹೋಗ್ತಿದೀನಿ’ ಅಂತಲೇ ಹೇಳಿ. ಮೊದಲು ನಾಲ್ಕು ದಿನ ಕೇಳಿದವರು ನಗಬಹುದು. ಐದನೇ ದಿನ ಮನೆಯ ಮಕ್ಕಳು ತಾವಾಗಿ ಆ ಡಬ್ಬದಿಂದ ದೂರ ನಿಲ್ಲುತ್ತಾರೆ.